ಗುಟ್ಟು ಯಾವುದು, ಕಸುಬು ಯಾವುದು?

ಪ್ರಶ್ನೆ: ಬೆಳಗೊಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಲೇತ್ ವರ್ಕ್‌ಶಾಪ್. ಹೊಸ ಕಂಪನಿಯೊಂದು ಡ್ರಾಯಿಂಗ್ ತೋರಿಸುವ ಮೊದಲೇ ಎನ್‌ಡಿಎಗೆ (ಗೋಪ್ಯತೆಯ ಒಪ್ಪಂದಕ್ಕೆ) ಸಹಿ ಕೇಳುತ್ತಿದೆ. ಸಹಿ ಹಾಕಿದರೆ ನಾಳೆ ಬೇರೆಯವರ ಕೆಲಸ ಹಿಡಿಯಲು ಅಡ್ಡಿಯಾಗುತ್ತದೆಯೇ?

ಉತ್ತರ: ಸಹಿ ಹಾಕಿ. ಆದರೆ ‘ಗೋಪ್ಯ ಮಾಹಿತಿ’ ಎಂದರೆ ಏನೆಂದು ಹೇಳುವ ಷರತ್ತನ್ನು ಎರಡು ಸಲ ಓದಿದ ಮೇಲೆ ಹಾಕಿ. ಮುಂದೆ ಜಗಳ ಹುಟ್ಟುವುದು ಅಲ್ಲೇ.

ನಿಮ್ಮ ಪಕ್ಕದ ಮೈಸೂರನ್ನೇ ನೋಡಿ. ಮತದಾರರ ಬೆರಳಿಗೆ ಹಚ್ಚುವ ಶಾಯಿ ಮಾಡುವುದು 1937ರಲ್ಲಿ ಶುರುವಾದ ನಮ್ಮ ಸರ್ಕಾರಿ ಕಾರ್ಖಾನೆ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಶಾಯಿಯ ಸೂತ್ರ ಮಾತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. 1962ರ ಚುನಾವಣೆಯ ಹೊತ್ತಿಗೆ ಚುನಾವಣಾ ಆಯೋಗವೂ ಸೇರಿ ಆದ ಒಪ್ಪಂದದಂತೆ ಅದು ಮೈಸೂರಿಗೆ ಬಂತು, ಇಂದಿಗೂ ಗುಟ್ಟಾಗಿಯೇ ಇದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಬೆಳಕು ಬಿದ್ದರೆ ಅದು ಚರ್ಮದ ಮೇಲೆ ಕಪ್ಪಾಗುತ್ತದೆ ಎನ್ನುವುದು ರಸಾಯನಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಏನನ್ನು ಎಷ್ಟು, ಹೇಗೆ ಬೆರೆಸಬೇಕು ಎನ್ನುವುದಷ್ಟೇ ಗುಟ್ಟು. ಅದೇ ಕಾರ್ಖಾನೆ ಬಣ್ಣ, ವಾರ್ನಿಷ್‌ಗಳನ್ನೂ ಮಾಡಿ ಮಾರುತ್ತದೆ. ಶಾಯಿಯ ಗುಟ್ಟು ಅದಕ್ಕೆ ಅಡ್ಡ ಬಂದಿಲ್ಲ.

ನಿಮ್ಮ ಒಪ್ಪಂದದಲ್ಲೂ ಗುಟ್ಟಿಗೂ ಕಸುಬಿಗೂ ನಡುವಿನ ಈ ಗೆರೆ ಸ್ಪಷ್ಟವಾಗಿ ಬೀಳಬೇಕು. ಅವರ ಡ್ರಾಯಿಂಗ್, ಅಳತೆ, ದರ ಗೋಪ್ಯ. ನಿಮಗೆ ಮೊದಲೇ ಗೊತ್ತಿದ್ದದ್ದು, ಮಾರುಕಟ್ಟೆಯಲ್ಲಿ ಎಲ್ಲರಿಗೂ ತಿಳಿದದ್ದು ಗೋಪ್ಯವಲ್ಲ ಎಂದು ಬರೆಸಿ. ನೀವೇ ಕಟ್ಟಿಕೊಂಡ ಜಿಗ್, ಫಿಕ್ಸ್‌ಚರ್‌ಗಳ ವಿನ್ಯಾಸವನ್ನು ಅವರೂ ಹೊರಗೆ ಬಿಡಬಾರದು. ಆದ್ದರಿಂದ ಒಪ್ಪಂದ ಎರಡೂ ಕಡೆಯವರನ್ನು ಕಟ್ಟುವಂತಿರಲಿ. ಪ್ಲೇಟಿಂಗ್‌ಗೋ ಹೀಟ್ ಟ್ರೀಟ್‌ಮೆಂಟ್‌ಗೋ ಮಾಲು ಹೊರಗೆ ಕಳಿಸುವಾಗ ಡ್ರಾಯಿಂಗ್ ತೋರಿಸಲೇಬೇಕಾಗುತ್ತದೆ. ಅದಕ್ಕೆ ಅನುಮತಿ ಇಲ್ಲದಿದ್ದರೆ ಮೊದಲ ಲಾಟಿನಲ್ಲೇ ನೀವು ತಪ್ಪಿತಸ್ಥರಾಗುತ್ತೀರಿ. ಇದನ್ನು ಬಹಳ ಜನ ಮರೆಯುತ್ತಾರೆ.

ಇನ್ನು ಬೇರೆಯವರ ಕೆಲಸ ಹಿಡಿಯುವ ಮಾತು. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಯಾರನ್ನೇ ಆಗಲಿ ಅವರ ಕಸುಬಿನಿಂದ ತಡೆಯುವ ಕರಾರು ಅಸಿಂಧು. ಆದರೆ ಕರಾರು ಜಾರಿಯಲ್ಲಿರುವಾಗ ಎದುರಾಳಿಗೆ ದುಡಿಯಬಾರದೆಂಬ ಷರತ್ತು ನಿಲ್ಲಬಹುದು. 1967ರ ಗೋಲಿಕರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅಂಥದ್ದನ್ನು ಎತ್ತಿ ಹಿಡಿಯಿತು. ಅಲ್ಲಿ ಟೈರ್‌ಕಾರ್ಡ್ ನೂಲಿನ ತಂತ್ರ ಕೊಟ್ಟ ಹಾಲೆಂಡಿನ ಕಂಪನಿ, ಅದನ್ನು ಪಡೆದ ಕಂಪನಿಯು ತನ್ನ ನೌಕರರಿಂದಲೂ ಗೋಪ್ಯತೆಯ ಮುಚ್ಚಳಿಕೆ ಬರೆಸಿಕೊಳ್ಳಬೇಕೆಂದು ಷರತ್ತು ಹಾಕಿತ್ತು. ನಿಮ್ಮ ಕಡೆ ಕೆಲಸ ಮಾಡುವವರಿಂದಲೂ ಬರೆಸಿಕೊಳ್ಳಿ.

ಒಪ್ಪಂದ ಮುರಿದರೆ ಕೊಡಬೇಕೆಂದು ಬರೆದ ದಂಡದ ಮೊತ್ತ ಕಂಡು ಗಾಬರಿಯಾಗಬೇಡಿ. ಅದೇ ಕಾಯ್ದೆಯ 74ನೇ ಕಲಮಿನಂತೆ ಕೋರ್ಟು ಕೊಡಿಸುವುದು ಆ ಮೊತ್ತವನ್ನು ಮೀರದ, ನ್ಯಾಯವೆನಿಸುವ ಪರಿಹಾರವನ್ನಷ್ಟೇ. ಆದರೆ ಒಪ್ಪಂದಕ್ಕೆ ಕೊನೆಯ ದಿನಾಂಕವೇ ಇಲ್ಲದಿದ್ದರೆ, ಸಹಿಗೆ ಮೊದಲು ಶ್ರೀರಂಗಪಟ್ಟಣದಲ್ಲೋ ಮೈಸೂರಿನಲ್ಲೋ ಒಬ್ಬ ವಕೀಲರಿಗೆ ತೋರಿಸಿ.