ಹಸುವಿಗೆ ಎಣ್ಣೆ ಹಾಕಿದರೆ ಹೊಟ್ಟೆಯೊಳಗೆ ಏನಾಗ್ತದೆ?

ಶಿವಮೊಗ್ಗ, ಭದ್ರಾವತಿ ಸುತ್ತಿನ ನಮ್ಮಂಥವರ ಹಾಲು ಸೊಸೈಟಿ ಮೂಲಕ ಮಾಚೇನಹಳ್ಳಿ ಡೇರಿಗೆ ಹೋಗ್ತದೆ. ದರ ಕಟ್ಟುವುದು ಫ್ಯಾಟ್, ಎಸ್‌ಎನ್‌ಎಫ್ ನೋಡಿ. ಫ್ಯಾಟ್ ಇಳಿದಾಗ ಕೆಲವರು ಬೂಸಾಕ್ಕೆ ಎಣ್ಣೆ ಸುರೀತಾರೆ. ಎಣ್ಣೆ ತಿಂದರೆ ಹಾಲಿಗೆ ಜಿಡ್ಡು ಬರಬೇಕಲ್ಲ ಅನ್ನೋದು ಅವರ ಲೆಕ್ಕ. ಆದರೆ ಎಣ್ಣೆ ಅತಿಯಾದರೆ ಫ್ಯಾಟ್ ಇನ್ನೂ ಇಳೀತದೆ. ಕಾರಣ ಹಸುವಿನ ಮೊದಲ ಹೊಟ್ಟೆ, ರೂಮೆನ್‌ನಲ್ಲಿದೆ.

ರೂಮೆನ್ ನೂರು ಲೀಟರಿಗೂ ಮೀರಿದ ಹುಳಿಯುವ ಹಂಡೆ ಇದ್ದಂತೆ. ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ಹುಲ್ಲು, ಮೆಕ್ಕೆಜೋಳದ ದಂಟಿನ ನಾರನ್ನು ಕರಗಿಸುವುದು ಅವೇ, ಹಸು ಅಲ್ಲ. ನಾರು ಕರಗಿ ಅಸೆಟಿಕ್ ಆಮ್ಲವಾಗ್ತದೆ. ಹಾಲಿನ ಜಿಡ್ಡಿನಲ್ಲಿ ಸುಮಾರು ಅರ್ಧವನ್ನು ಕೆಚ್ಚಲು ಮುಖ್ಯವಾಗಿ ಇದರಿಂದಲೇ ತಯಾರಿಸ್ತದೆ.

ಸೂರ್ಯಕಾಂತಿ, ಸೋಯಾ, ಕಡಲೆಕಾಯಿ ಎಣ್ಣೆಯ ಕೊಬ್ಬಿನ ಆಮ್ಲಗಳು ಈ ಜೀವಿಗಳಿಗೆ ವಿಷವಿದ್ದಂತೆ. ಅದಕ್ಕೇ ಅವು ಆಮ್ಲಗಳಿಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಕೊಬ್ಬಾಗಿ ಬದಲಿಸ್ತವೆ. ಹಸು ತಿಂದದ್ದು ತೆಳು ಎಣ್ಣೆಯಾದರೂ ತುಪ್ಪ ಹೆಪ್ಪುಗಟ್ಟುವುದಕ್ಕೆ ಇದೂ ಒಂದು ಕಾರಣ. ಜೀವಿಗಳ ಮೈಯೂ ಬದಲಾಗ್ತದೆ. ಸಾಮಾನ್ಯವಾಗಿ ಅವು 15, 17 ಇಂಗಾಲದ ಆಮ್ಲಗಳನ್ನು ತಾವೇ ಕಟ್ಟಿಕೊಳ್ತವೆ. ಎಣ್ಣೆ ಹೆಚ್ಚಾದರೆ ಸ್ವಂತ ತಯಾರಿಕೆ ಕಮ್ಮಿಯಾಗಿ, ಸಿಕ್ಕಿದ ಎಣ್ಣೆಯ ಆಮ್ಲವನ್ನೇ ಮೈಗೆ ಸೇರಿಸಿಕೊಳ್ತವೆ. ಈ ಬೆಸ ಆಮ್ಲಗಳು ಹಾಲಿನಲ್ಲಿ ಎಷ್ಟಿವೆ ಎಂದು ನೋಡಿ ವಿಜ್ಞಾನಿಗಳು ರೂಮೆನ್ ಹೇಗಿದೆ ಅಂತ ಅಂದಾಜು ಮಾಡ್ತಾರೆ.

ಎಣ್ಣೆ ಅಳತೆ ಮೀರಿದರೆ ನಾರು ಕರಗಿಸುವ ಜೀವಿಗಳು ಸಾಯ್ತವೆ, ಅಸೆಟಿಕ್ ಆಮ್ಲ ಕಮ್ಮಿಯಾಗ್ತದೆ. ಬದಲಾವಣೆ ಅರ್ಧಕ್ಕೆ ನಿಂತಾಗ ಹುಟ್ಟುವ ಕೆಲವು ಆಮ್ಲಗಳು ಕೆಚ್ಚಲಿನ ಜಿಡ್ಡಿನ ತಯಾರಿಕೆಯನ್ನೇ ತಡೀತವೆ. ದಾಣಿ ಹೆಚ್ಚು, ಹುಲ್ಲು ಕಮ್ಮಿ ಹಾಕುವ ಕಡೆ ಈ ತೊಂದರೆ ಜಾಸ್ತಿ.

ಲೆಕ್ಕ ಹೀಗಿಟ್ಟುಕೊಳ್ಳಿ. ದಿನಕ್ಕೆ ಒಣತೂಕದಲ್ಲಿ 10 ಕಿಲೋ ತಿನ್ನುವ ಹಸುವಿಗೆ ಒಟ್ಟು ಜಿಡ್ಡು ಶೇ. 6 ಮೀರಬಾರದು, ಅಂದರೆ 600 ಗ್ರಾಂ. ಹುಲ್ಲು, ದಾಣಿಯಿಂದಲೇ ಸುಮಾರು 300 ಗ್ರಾಂ ಬಂದಿರ್ತದೆ. ಉಳಿದ ಜಾಗ ಇಷ್ಟೇ.

ಆ ಜಾಗಕ್ಕೆ ಬರೀ ಎಣ್ಣೆಗಿಂತ ಹಿಂಡಿ ಮೇಲು. ಗಾಣದ ಹಿಂಡಿಯಲ್ಲಿ ಶೇ. 7–8 ಎಣ್ಣೆ ಇದ್ದರೆ, 2 ಕಿಲೋದಲ್ಲಿ ಸುಮಾರು 150 ಗ್ರಾಂ ಸಿಕ್ತದೆ, ಜೊತೆಗೆ ಪ್ರೋಟೀನ್. ಸಾಲ್ವೆಂಟ್ ಹಿಂಡಿಯಲ್ಲಿ ಎಣ್ಣೆ ಶೇ. 1ರಷ್ಟೇ. ಇಡೀ ಹತ್ತಿಕಾಳಿನ ಎಣ್ಣೆ ನಿಧಾನವಾಗಿ ಬಿಡುಗಡೆಯಾಗುವುದರಿಂದ ಜೀವಿಗಳಿಗೆ ಪೆಟ್ಟು ಕಮ್ಮಿ. ಹೆಚ್ಚು ಹಾಲಿನ ಹಸುವಿಗೆ ಬೈಪಾಸ್ ಫ್ಯಾಟ್ ಸಿಗ್ತದೆ. ಅದು ಕ್ಯಾಲ್ಸಿಯಂ ಜೊತೆ ಕೂಡಿಸಿದ ಕೊಬ್ಬು. ರೂಮೆನ್‌ನಲ್ಲಿ ಹೆಚ್ಚು ಕರಗದೆ ಮುಂದಿನ ಹುಳಿ ಹೊಟ್ಟೆಯಲ್ಲಿ ಕರಗ್ತದೆ.

ನೊರೆ ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸುವುದುಂಟು. ಅದು ಒಂದು ಸಲದ ಔಷಧ, ದಿನದ ಮೇವಲ್ಲ.

ಹೊಸ ಹಿಂಡಿಯನ್ನು ಸ್ವಲ್ಪಸ್ವಲ್ಪವೇ ಏರಿಸಿ, ಎರಡು ವಾರ ಸೊಸೈಟಿ ಚೀಟಿಯ ಫ್ಯಾಟ್ ಬರೆದಿಡಿ. ಮೆಲುಕು ಕಮ್ಮಿಯಾದರೆ, ಸಗಣಿ ತೆಳ್ಳಗಾದರೆ ಜಿಡ್ಡು ಹೆಚ್ಚಾಗಿರಬಹುದು, ಇಳಿಸಿ ನೋಡಿ. ಫ್ಯಾಟ್ ಬೇಕಿದ್ದರೆ ಮೊದಲು ಹೊಟ್ಟೆ ತುಂಬ ಹುಲ್ಲು ಹಾಕಬೇಕು. ಹಿಂಡಿಯ ಲೆಕ್ಕ ಆಮೇಲಿನದು.