ಮನೆಯಲ್ಲೇ ಸರ್ವರ್ ಇಡುವವರಿಗೊಂದು ಕಿವಿಮಾತು

ಅಟ್ಟದ ಮೇಲಿದ್ದ ಹಳೆಯ ಲ್ಯಾಪ್‌ಟಾಪ್ ಕೆಳಗಿಳಿಸಿ, ಲಿನಕ್ಸ್ ಹಾಕಿ, ಮನೆಮಂದಿಯ ಫೋಟೊಗಳನ್ನೆಲ್ಲ ಅದರಲ್ಲೇ ಇಡಬೇಕು ಎಂದು ಹೊರಟಿದ್ದೀರಿ. ಒಳ್ಳೆಯ ಕೆಲಸ, ಖಂಡಿತ ಮಾಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತ ಮೇಲೆ ಎಷ್ಟೋ ಮನೆಗಳಲ್ಲಿ ಗಟ್ಟಿಮುಟ್ಟಾದ ಯಂತ್ರಗಳು ಸುಮ್ಮನೆ ಕೂತಿವೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ದತ್ತಾಂಶ ನಿಮ್ಮ ಮನೆಗೆ ಬಂತೆಂದರೆ ಅದನ್ನು ಕಾಯುವ ಕೆಲಸವೂ ನಿಮ್ಮ ತಲೆಗೇ ಬಂತು.

ಸರ್ವರ್‌ಗೆ ಹೊಚ್ಚ ಹೊಸದು ಬೇಡ, ಹಳತಾಗಿ ಪಳಗಿದ್ದು ಬೇಕು. ಡೆಬಿಯನ್ ಸ್ಟೇಬಲ್ ಹಾಕಿಕೊಳ್ಳಿ, ಇಲ್ಲವೇ ಉಬುಂಟುವಿನ ಎಲ್‌ಟಿಎಸ್ ಆವೃತ್ತಿ. ಎರಡಕ್ಕೂ ಸುಮಾರು ಐದು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಪಳಗಿದ್ದೇ ಏಕೆ ಎನ್ನುತ್ತೀರಾ? 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಲೈಬ್ರರಿಯೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದನ್ನು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಪತ್ತೆ ಹಚ್ಚಿದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಅದು ಸಿಕ್ಕಿತು. ಆ ಹಾಳು ಆವೃತ್ತಿ ಡೆಬಿಯನ್‌ನ ಪ್ರಾಯೋಗಿಕ ಕವಲುಗಳವರೆಗೆ ಬಂದಿತ್ತು, ಸ್ಟೇಬಲ್‌ಗೆ ಬಂದಿರಲಿಲ್ಲ. ತಾಳಿದವನು ಬಾಳಿಯಾನು ಎನ್ನುವುದು ಸುಮ್ಮನೆ ಅಲ್ಲ. ಆದರೆ ತಾಳುವುದೆಂದರೆ ಅಪ್‌ಡೇಟ್ ಹಾಕದೆ ಕೂರುವುದು ಎಂದುಕೊಳ್ಳಬೇಡಿ. ಸುರಕ್ಷತಾ ಅಪ್‌ಡೇಟ್‌ಗಳು ತಾವಾಗಿಯೇ ಬರುವಂತೆ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಇವತ್ತೇ ಚಾಲೂ ಮಾಡಿಬಿಡಿ.

ಹಳೆಯ ಲ್ಯಾಪ್‌ಟಾಪ್ ಒಳ್ಳೆಯ ಆಯ್ಕೆಯೇ. ಹದಿನೈದು ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಸುಮಾರು ಹನ್ನೊಂದು ಯೂನಿಟ್ ಅಷ್ಟೇ. ಅದೇ ಅರವತ್ತು ವ್ಯಾಟಿನ ಡೆಸ್ಕ್‌ಟಾಪ್ ಆದರೆ ನಲವತ್ತಮೂರು ಯೂನಿಟ್. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ಬ್ಯಾಟರಿ ಉಬ್ಬಿದೆಯೇ ಎಂದು ಆಗಾಗ ತಿರುಗಿಸಿ ನೋಡಿ. ಉಬ್ಬಿದ್ದರೆ ಆ ಕ್ಷಣವೇ ನಿಲ್ಲಿಸಿ, ಬ್ಯಾಟರಿ ಬದಲಿಸದೆ ಮತ್ತೆ ಓಡಿಸಬೇಡಿ. ಬಟ್ಟೆ ಬೀರುವಿನೊಳಗೆ ಇಡುವವರನ್ನೂ ನೋಡಿದ್ದೇನೆ. ದಯವಿಟ್ಟು ಗಾಳಿಯಾಡುವ ಕಡೆ ಇಡಿ.

ಕರೆಂಟಿನ ವಿಷಯದಲ್ಲಿ ಒಂದನ್ನು ಬಹಳ ಜನ ಮರೆಯುತ್ತಾರೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಸರಿ. ಅದಕ್ಕೆ ಸಿಕ್ಕಿಸಿದ ದೊಡ್ಡ ಹೊರಗಿನ ಹಾರ್ಡ್‌ಡಿಸ್ಕ್ ತನ್ನದೇ ಅಡಾಪ್ಟರಿನಿಂದ ಓಡುತ್ತದಲ್ಲ? ಕರೆಂಟ್ ಹೋದಾಗ ಯಂತ್ರ ಎಚ್ಚರವಾಗಿರುತ್ತದೆ, ಡಿಸ್ಕ್ ಮಾತ್ರ ಬರೆಯುತ್ತಿದ್ದಾಗಲೇ ಸತ್ತುಹೋಗುತ್ತದೆ. ಡಿಸ್ಕ್, ರೌಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ರಾಸ್ಪ್‌ಬೆರಿ ಪೈ ಇಟ್ಟುಕೊಂಡವರು ಮುಖ್ಯವಾದದ್ದನ್ನು ಮೆಮೊರಿ ಕಾರ್ಡ್ ಮೇಲೆ ಬಿಡಬೇಡಿ, ಎಸ್‌ಎಸ್‌ಡಿಗೆ ಸಾಗಿಸಿ.

ಇನ್ನು ನಿಮ್ಮ ಆಸೆಗೆ ಸ್ವಲ್ಪ ಲಗಾಮು. ಮೊದಲ ವಾರವೇ ಫೋಟೊಗೆ ಇಮ್ಮಿಚ್, ಸಿನಿಮಾಗೆ ಜೆಲ್ಲಿಫಿನ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಜಾಹೀರಾತು ತಡೆಯಲು ಪೈ-ಹೋಲ್ ಎಂದು ಸಾಲುಗಟ್ಟಿಸುತ್ತೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಒಂದನ್ನು ಹಾಕಿ, ತಿಂಗಳು ನಡೆಸಿ, ಅದು ಕೆಟ್ಟರೆ ಸರಿಪಡಿಸುವುದು ಹೇಗೆಂದು ಗೊತ್ತಾದ ಮೇಲೆ ಮುಂದಿನದು. ಪೈ-ಹೋಲ್ ನಿಂತರೆ ಇಡೀ ಮನೆಗೆ ಇಂಟರ್ನೆಟ್ ಇಲ್ಲದಂತಾಗುತ್ತದೆ. ಮಗಳ ಆನ್‌ಲೈನ್ ಪರೀಕ್ಷೆಯ ದಿನ ಅದರ ಮೇಲೆ ಪ್ರಯೋಗ ಮಾಡಬೇಡಿ. ಇಮೇಲ್ ಸರ್ವರ್ ಅಂತೂ ಮನೆಯಲ್ಲಿ ಬೇಡವೇ ಬೇಡ. ಮನೆಯ ಐಪಿಯಿಂದ ಹೊರಟ ಪತ್ರವನ್ನು ದೊಡ್ಡ ಮೇಲ್ ಸೇವೆಗಳು ನಂಬುವುದು ಕಡಿಮೆ.

ಹೊರಗಿನಿಂದ ನೋಡಬೇಕೆಂದು ರೌಟರ್‌ನಲ್ಲಿ ಸೇವೆಗೊಂದರಂತೆ ಪೋರ್ಟ್ ತೆರೆಯುವ ಚಟವನ್ನು ಬಿಡಿ. ತೆರೆದ ಪೋರ್ಟನ್ನು ತಡಕುವ ಯಂತ್ರಗಳು ಜಗತ್ತಿನ ತುಂಬ ಇವೆ, ನಿಮ್ಮ ಮನೆ ಸಣ್ಣದೆಂದು ಅವು ಬಿಡುವುದಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ 2020ರಿಂದ ಲಿನಕ್ಸ್ ಕರ್ನಲ್‌ನೊಳಗೇ ಇದೆ, ಅದನ್ನು ಬಳಸಿ. ನಮ್ಮ ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಸ್ವಂತ ಸಾರ್ವಜನಿಕ ಐಪಿ ಇರುವುದಿಲ್ಲವಾದ್ದರಿಂದ ಟೇಲ್‌ಸ್ಕೇಲ್ ಇನ್ನೂ ಸುಲಭವಾದೀತು. ಎಸ್‌ಎಸ್‌ಎಚ್‌ಗೆ ಕೀ ಮಾಡಿಕೊಂಡು, ಪಾಸ್‌ವರ್ಡ್ ಲಾಗಿನ್ ಮುಚ್ಚಿಬಿಡಿ. ಇನ್ನೊಂದು: ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೇನೆ ಎಂದು ನಿಶ್ಚಿಂತೆಯಾಗಿರಬೇಡಿ. ಸೇವೆಗಳನ್ನು ಡಾಕರ್ ಕಂಟೇನರ್‌ಗಳಲ್ಲಿ ಓಡಿಸಿದರೆ, ಡಾಕರ್ ತೆರೆದ ಪೋರ್ಟುಗಳು ಅದರ ನಿಯಮಗಳನ್ನು ದಾಟಿಕೊಂಡೇ ಹೋಗುತ್ತವೆ. ಕಂಟೇನರ್‌ನ ಪೋರ್ಟನ್ನು 127.0.0.1ಕ್ಕೆ ಕಟ್ಟಿದರೆ ಅದು ಆ ಯಂತ್ರದೊಳಗೇ ಉಳಿಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ಎಲ್ಲಕ್ಕಿಂತ ಹೆಚ್ಚು ಮುಂದೂಡುವುದು: ಬ್ಯಾಕಪ್. ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ, ಆ ಸಾಲಿಗೆ ನೀವು ಸೇರಬೇಡಿ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದ ಮೇಲೆ, ಒಂದು ಮನೆಯ ಹೊರಗೆ. ಆ ಹೊರಗಿನದು ಊರಲ್ಲಿರುವ ಅಣ್ಣನ ಮನೆಯ ಡಿಸ್ಕ್ ಆದರೂ ಸರಿ. ಎರಡು ಡಿಸ್ಕ್ ಜೋಡಿಸಿ ರೇಡ್ ಮಾಡಿದ್ದೇನೆ, ಸಾಲದೇ ಎನ್ನಬೇಡಿ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ. ನೀವೇ ಕೈತಪ್ಪಿ ಅಳಿಸಿದ್ದನ್ನು ಅದು ಎರಡೂ ಕಡೆ ಅಳಿಸುತ್ತದೆ. ಆರ್‌ಸಿಂಕ್‌ನಲ್ಲಿ ‘ಡಿಲೀಟ್’ ಆಯ್ಕೆ ಹಾಕಿ ಪ್ರತಿ ಮಾಡಿದರೂ ಇದೇ ಪಾಡು. ಹಳೆಯ ದಿನಗಳ ಪ್ರತಿಯನ್ನೂ ಉಳಿಸುವ ರೆಸ್ಟಿಕ್ ಅಥವಾ ಬೋರ್ಗ್ ಬಳಸಿ. ಅದರ ಪಾಸ್‌ವರ್ಡ್ ಕಾಗದದ ಮೇಲೆ ಬರೆದಿಡಿ, ಅದು ಕಳೆದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಇದರಲ್ಲಿ ಇನ್ನೆರಡು ಗುಂಡಿಗಳಿವೆ, ನೋಡಿಕೊಂಡು ನಡೆಯಿರಿ. ಒಂದು, ಹೊರಗಿನ ಡಿಸ್ಕ್ ಮೌಂಟ್ ಆಗದಿದ್ದರೂ ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತದೆ. ಅದೇ ಹೆಸರಿನ ಖಾಲಿ ಫೋಲ್ಡರ್‌ಗೆ ಸುರಿದು ಒಳಗಿನ ಡಿಸ್ಕನ್ನೇ ತುಂಬಿಸಿಬಿಡುತ್ತದೆ. ಮೌಂಟ್ ಆಗಿದೆಯೇ ಎಂದು ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ನಿಲ್ಲುವಂತೆ ಸ್ಕ್ರಿಪ್ಟ್ ಬರೆಯಿರಿ. ಎರಡು, ಇಮ್ಮಿಚ್‌ನಂಥದ್ದರಲ್ಲಿ ಫೋಟೊ ಕಡತಗಳಷ್ಟೇ ಸಾಲದು. ಆಲ್ಬಮ್‌ಗಳು, ಮುಖಗಳಿಗೆ ನೀವು ಕೊಟ್ಟ ಹೆಸರುಗಳು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿರುತ್ತವೆ. ಅದನ್ನೂ ಡಂಪ್ ತೆಗೆದಿಡಿ.

ಕೊನೆಗೆ, ಮನೆಯವರನ್ನು ಮರೆಯಬೇಡಿ. ನೀವು ಹುಷಾರಿಲ್ಲದೆ ಮಲಗಿದರೆ ಫೋಟೊಗಳು ಎಲ್ಲಿವೆ, ಯಾವ ಡಿಸ್ಕ್, ಪಾಸ್‌ವರ್ಡ್ ಎಲ್ಲಿ, ರೌಟರನ್ನು ಮೊದಲಿನಂತೆ ಮಾಡುವುದು ಹೇಗೆ ಎಂದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು. ಲಿನಕ್ಸ್ ತಿಳಿಯದವರೂ ಓದಿ ಮಾಡಬಹುದಾದಷ್ಟು ಸರಳವಾಗಿ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು, ಮನೆ ಪತ್ರಗಳ ಜೊತೆ ಇಡಿ.

ವಾಪಸ್ ತೆಗೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ಈ ಭಾನುವಾರ ಹೊಸ ಸೇವೆ ಯಾವುದನ್ನೂ ಹಾಕದೆ, ಇರುವ ಬ್ಯಾಕಪ್‌ನಿಂದ ಹೋದ ವರ್ಷದ ಒಂದು ಆಲ್ಬಮನ್ನು ಬೇರೊಂದು ಯಂತ್ರದ ಮೇಲೆ ಹೊರತೆಗೆದು, ತೆರೆದು ನೋಡಿ.