ರೋಗದ ಹೆಸರೂ ಆಸ್ಪತ್ರೆಯ ಕಾಗದವೂ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜನ್ಮತಾರೀಖು ಒಮ್ಮೆ ತಪ್ಪಾಗಿ ಸೇರಿದರೆ, ಆ ತಪ್ಪು ವಿದ್ಯಾರ್ಥಿಯನ್ನು ಜೀವಮಾನವೆಲ್ಲ ಹಿಂಬಾಲಿಸುವುದೆಂಬುದನ್ನು ಪಾಲಕರು ಬಲ್ಲರು. ಆಸ್ಪತ್ರೆಯ ಕಾಗದಕ್ಕೂ ಇದೇ ಮಾತು ಸಲ್ಲುತ್ತದೆ. ಮೂತ್ರಮಾರ್ಗದ ಸೋಂಕೆಂಬ ಸಾಮಾನ್ಯ ರೋಗವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

ನಮ್ಮ ಶಿರೂರ ಅನಂತಪಾಳದಲ್ಲಿ ಇದನ್ನು ಕನ್ನಡದ ಮನೆಯವರು 'ಉರಿಮೂತ್ರ' ಎನ್ನುವರು. ನೆರೆಯ ಮರಾಠಿ ಮನೆಯವರು 'ಲಘವೀಚೀ ಜಳಜಳ' ಎನ್ನುವರು. ವೈದ್ಯರು ಇಂಗ್ಲಿಷಿನಲ್ಲಿ ಬರೆಯುವರು. ರೋಗಿಯು ಲಾತೂರಿಗೋ ಉದಗೀರಕ್ಕೋ, ಗಡಿ ದಾಟಿ ಬೀದರಕ್ಕೋ ಹೋಗಬಹುದು. ಹೀಗೆ ಭಾಷೆ, ಊರು ಬದಲಾದರೂ ರೋಗದ ಅರ್ಥವು ಬದಲಾಗಬಾರದೆಂದೇ ರೋಗಗಳಿಗೆ ಸಂಕೇತಸಂಖ್ಯೆಗಳನ್ನು ಕೊಡಲಾಗಿದೆ. 1893ರಲ್ಲಿ ಫ್ರಾನ್ಸಿನ ಝಾಕ್ ಬರ್ತಿಯೋನನು ಮರಣಕಾರಣಗಳ ಪಟ್ಟಿಯೊಂದನ್ನು ಮಂಡಿಸಿದನು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಕಾರ್ಯವನ್ನು ವಹಿಸಿಕೊಂಡು, ಅದರಲ್ಲಿ ರೋಗಗಳನ್ನೂ ಸೇರಿಸಿತು. 1990ರಲ್ಲಿ ಅಂಗೀಕೃತವಾದ ಹತ್ತನೆಯ ಪರಿಷ್ಕರಣದ ಸಂಖ್ಯೆಗಳನ್ನು ಇಲ್ಲಿ ಹೇಳುತ್ತೇವೆ. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆ.

ವೈದ್ಯರು 'ಮೂತ್ರದ ಸೋಂಕು' ಎಂದಷ್ಟೇ ಬರೆದರೆ ಅದಕ್ಕೆ ಎನ್ 39.0 ಸಲ್ಲುತ್ತದೆ, ಸ್ಥಳ ತಿಳಿಸಿಲ್ಲವೆಂದು ಅದರ ಅರ್ಥ. ಮೂತ್ರಾಶಯದ ತೀವ್ರ ಉರಿಯೂತವೆಂದರೆ ಎನ್ 30.0. ಸೋಂಕು ಮೂತ್ರಪಿಂಡಕ್ಕೇರಿ ಚಳಿಜ್ವರ, ಬೆನ್ನುನೋವು ಬಂದಿದ್ದರೆ ಎನ್ 10. ಇದು ಹೆಚ್ಚು ಅಪಾಯಕರವಾದುದು. ಗರ್ಭಿಣಿಯಾದರೆ ಓ 23 ಎಂಬ ಬೇರೆಯ ವರ್ಗವೇ ಉಂಟು. ಈ ಸೋಂಕಿಗೆ ಬಹುತೇಕ ಕಾರಣವಾಗುವುದು ಕರುಳಿನಲ್ಲಿ ವಾಸಿಸುವ ಎಶ್ಚೆರಿಕಿಯ ಕೋಲಿ ಎಂಬ ಬ್ಯಾಕ್ಟೀರಿಯ. ಜರ್ಮನಿಯ ವೈದ್ಯ ಥಿಯೋಡೋರ್ ಎಶೆರಿಖನು ಇದನ್ನು 1885ರಲ್ಲಿ ವರ್ಣಿಸಿದನು. ಮೂತ್ರಪರೀಕ್ಷೆಯಲ್ಲಿ ಅದು ಕಂಡು, ವೈದ್ಯರು ಅದನ್ನೇ ಕಾರಣವೆಂದು ಬರೆದರೆ ಬಿ 96.2 ಎಂಬುದನ್ನು ಜೊತೆಗೆ ಸೇರಿಸಬೇಕು. ಮೂತ್ರದಲ್ಲಿ ಬ್ಯಾಕ್ಟೀರಿಯ ಕಂಡ ಮಾತ್ರಕ್ಕೆ, ಯಾವ ಲಕ್ಷಣವೂ ಇಲ್ಲದಿರುವಾಗ, ಅದನ್ನು ರೋಗವೆಂದು ಬರೆಯುವುದೂ ಸರಿಯಲ್ಲ.

ಸಂಖ್ಯೆ ಹಾಕುವವನು ಊಹೆಯಿಂದ ಏನನ್ನೂ ಸೇರಿಸಲಾರನು; ಸಂಶಯವಿದ್ದರೆ ವೈದ್ಯರನ್ನೇ ಕೇಳಬೇಕು. ವೈದ್ಯರಾದರೂ ರೋಗಿಯ ಮಾತನ್ನು ಕೇಳಿ, ಪರೀಕ್ಷಿಸಿ ಬರೆಯತಕ್ಕವರು. ಆದುದರಿಂದ ದಾಖಲೆಯ ಮೊದಲಕ್ಷರ ನಮ್ಮ ಬಾಯಲ್ಲಿಯೇ ಇದೆ. ಈ ಸೋಂಕು ಹೆಣ್ಣುಮಕ್ಕಳಲ್ಲಿ ಹೆಚ್ಚು. ನಾಚಿಕೆಯಿಂದ ಅವರು ಹೇಳದೆ ಉಳಿಯುವರು. ಹೇಳದ ಲಕ್ಷಣವು ಕಾಗದಕ್ಕೆ ಬಾರದು. ಕಾಗದಕ್ಕೆ ಬಾರದುದು ಚಿಕಿತ್ಸೆಗೂ ಬಾರದೆ ಹೋಗಬಹುದು. ತಾಯಂದಿರು ಮಗಳನ್ನು ಮೃದುವಾಗಿ ಕೇಳಿ, ಜ್ವರ ಎಂದಿನಿಂದ, ನೋವು ಎಲ್ಲಿ, ಯಾವ ಔಷಧ ಕೊಟ್ಟದ್ದಾಗಿದೆ ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮೂತ್ರದ ಕಲ್ಚರ್ ಪರೀಕ್ಷೆಯ ವರದಿಯನ್ನಂತೂ ಎಸೆಯಲೇಬಾರದು. ಯಾವ ಔಷಧಕ್ಕೆ ಆ ಬ್ಯಾಕ್ಟೀರಿಯ ಮಣಿಯುವುದು, ಯಾವುದಕ್ಕೆ ಮಣಿಯದು ಎಂಬುದು ಅದರಲ್ಲಿದೆ. ಅದು ಕಳೆದರೆ, ಫಲಿಸದ ಔಷಧವನ್ನೇ ಇನ್ನೊಂದು ಊರಿನ ವೈದ್ಯರು ಮತ್ತೆ ಕೊಡುವ ಸಂಭವವುಂಟು.

ವಿದ್ಯಾರ್ಥಿಗಳೇ, ಮನೆಯಲ್ಲಿ ಓದಬಲ್ಲವರು ನೀವು. ಆಸ್ಪತ್ರೆಯ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಒಂದು ಚೀಲದಲ್ಲಿಡಿರಿ. ಹೆಸರು, ವಯಸ್ಸು ಸರಿಯಿವೆಯೇ ಎಂದು ಅಲ್ಲಿಯೇ ನೋಡಿರಿ. ಕಲಿತ ಅಕ್ಷರವು ಮನೆಯವರ ಆರೋಗ್ಯಕ್ಕೆ ಒದಗಿದರೆ ನಮ್ಮ ಪಾಠವು ಸಾರ್ಥಕವಾದಂತೆ.